ದುಡಿಮೆಯ ಮೋಟಾರು: ಮಲೆನಾಡಿನ ಬೇಸಾಯಗಾರರಿಗೆ ಬೇಕಾದುದೇನು?

ಮಲೆನಾಡಿನ ಬೇಸಾಯದಲ್ಲಿ ಉತ್ಪತ್ತಿಯ ಕಷ್ಟದಷ್ಟೇ ಸಾಗಾಣಿಕೆಯ ಕಷ್ಟವೂ ಉಂಟೆಂಬುದು ಆ ಸೀಮೆಯವರಿಗೆ ಹೇಳಿ ತಿಳಿಸಬೇಕಾದ ವಿಷಯವಲ್ಲ. ತೋಟವು ಕಣಿವೆಯಲ್ಲಿರುವುದು, ಮನೆಯೂ ಅಂಗಳವೂ ಗುಡ್ಡದ ಸೆರಗಿನಲ್ಲಿರುವುವು, ಡಾಮರಿನ ರಸ್ತೆಯು ಅಲ್ಲಿಂದ ಒಂದೆರಡು ಮೈಲಿ ಮೇಲೆ ಹಾದುಹೋಗುವುದು. ಗೊಬ್ಬರ, ಸುಣ್ಣ, ಮೈಲುತುತ್ತಗಳು ಮೇಲಿನಿಂದ ಕೆಳಕ್ಕೆ ಇಳಿಯಬೇಕು; ಅಡಕೆಯ ಗೊನೆ, ಕಾಫಿಯ ಹಣ್ಣು, ಶುಂಠಿ, ಬಾಳೆಗಳು ಕೆಳಗಿನಿಂದ ಮೇಲಕ್ಕೆ ಏರಬೇಕು. ಆಗುಂಬೆಯಂತಹ ಸ್ಥಳದಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುವುದು. ಅಷ್ಟು ಮಳೆ ಬೀಳದ ಊರುಗಳಲ್ಲಿಯೂ ಜೂನ್ ತಿಂಗಳಿಂದ ಸೆಪ್ಟೆಂಬರಿನವರೆಗೆ ಮಣ್ಣುದಾರಿಗಳು ಬೆಣ್ಣೆಯಂತಾಗುವುವು. ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಸಿಂಪಡಿಸಬೇಕಾದುದೂ ಅದೇ ಕಾಲದಲ್ಲಿಯೇ. ಡಾ. ಲೆಸ್ಲಿ ಕೋಲ್ಮನ್ ಅವರು 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು ಈ ರೋಗದ ವಿಚಾರದಲ್ಲಿ ಕೆಲಸ ಮಾಡಿ ಸಿಂಪಡಿಕೆಯನ್ನು ರೂಢಿಗೆ ತಂದಂದಿನಿಂದ ಇಂದಿನವರೆಗೆ, ಮದ್ದು ಯಾವುದೆಂಬ ಪ್ರಶ್ನೆಗಿಂತ ಮದ್ದನ್ನೂ ನೀರನ್ನೂ ತೋಟದೊಳಕ್ಕೆ ಮುಟ್ಟಿಸುವುದು ಹೇಗೆಂಬ ಪ್ರಶ್ನೆಯೇ ನಮ್ಮ ತೋಟಗಾರರನ್ನು ಹೆಚ್ಚಾಗಿ ಕಾಡಿರುವುದು. 200 ಲೀಟರಿನ ಒಂದು ಪೀಪಾಯಿ ತುಂಬಿದರೆ ಅದರ ಭಾರ 200 ಕಿಲೋಗ್ರಾಮಿಗೆ ಕಡಮೆಯಾಗದು. ಅದನ್ನು ಹೊರುವ ಆಳು ಇಂದು ಸಿಕ್ಕುವುದಿಲ್ಲ.

ಆದುದರಿಂದ ನಾಲ್ಕು ಗಾಲಿಗಳಿಗೂ ಇಂಜಿನಿನ ಬಲ ಮುಟ್ಟುವಂತಹ ಮೋಟಾರನ್ನು ಕೊಳ್ಳಬೇಕೆಂಬ ಆಸೆಯು ತೋಟಗಾರರಲ್ಲಿ ಹುಟ್ಟುವುದು ಸಹಜವೇ ಆಗಿದೆ. ಆದರೆ ಈಚಿನ ವರ್ಷಗಳಲ್ಲಿ ಈ ಆಸೆಯು ಕೊಂಡೊಯ್ಯುತ್ತಿರುವ ದಾರಿಯು ಸರಿಯಾದುದಲ್ಲವೆಂದು ನನ್ನ ಅಭಿಪ್ರಾಯ. ಹತ್ತು ಲಕ್ಷ, ಹದಿನೈದು ಲಕ್ಷ ರೂಪಾಯಿಗಳನ್ನು, ಅದರಲ್ಲಿ ಬಹುಭಾಗವನ್ನು ಸಾಲವಾಗಿ ತಂದು, ನೋಟಕ್ಕೆ ಜೀಪಿನಂತಿರುವ ಬಂಡಿಯನ್ನು ಮನೆಯ ಮುಂದೆ ನಿಲ್ಲಿಸಿದವರನೇಕರು ಗೊಬ್ಬರದ ಮೂಟೆಯನ್ನು ಸಾಗಿಸಲು ಇನ್ನೂ ಪಕ್ಕದ ಊರಿನ ಹಳೆಯ ಜೀಪನ್ನೇ ಬಾಡಿಗೆಗೆ ಕರೆಯುತ್ತಿರುವರು. ಹೊಸ ಬಂಡಿಯ ಹಿಂಬದಿಗೆ ಜಮಖಾನೆ ಹಾಸಿದೆ. ಅಲ್ಲಿ ಸುಣ್ಣದ ಚೀಲವನ್ನು ಹಾಕುವುದಕ್ಕೆ ಯಜಮಾನರಿಗೇ ಮನಸ್ಸು ಬಾರದು. ಬಂಡಿಯ ತಪ್ಪೆಂದು ಇದನ್ನು ಹೇಳಲಾಗದು. ಅದು ತಾನು ಯಾವ ಕೆಲಸಕ್ಕೆ ಹುಟ್ಟಿತೋ ಆ ಕೆಲಸವನ್ನು ಮಾಡುತ್ತಿದೆ. ಬೇಸಾಯಗಾರನ ಕೆಲಸಕ್ಕೆ ಅದು ಹುಟ್ಟಿಲ್ಲವೆಂಬುದಷ್ಟೇ ವಿಷಯ.

ನಾಲ್ಕು ಗಾಲಿಗೆ ಚಾಲನೆ ಬೇಕೆ ಬೇಡವೆ ಎಂಬುದನ್ನು ಮೊದಲು ಲೆಕ್ಕದಿಂದ ನೋಡೋಣ. ಬಂಡಿಯೂ ಹೊರೆಯೂ ಸೇರಿ 2,500 ಕಿಲೋಗ್ರಾಂ ಇರಲಿ. ಐದು ಅಡಿ ಹೋದರೆ ಒಂದು ಅಡಿ ಏರುವಂತಹ ಏರು; ಇದು ಮಲೆನಾಡಿನಲ್ಲಿ ಅತಿಶಯವಾದ ಏರಲ್ಲ. ಈ ಏರಿನಲ್ಲಿ ಬಂಡಿಯನ್ನು ಹಿಂದಕ್ಕೆ ಎಳೆಯುವ ಭಾರವು ಸುಮಾರು 490 ಕಿಲೋಗ್ರಾಂ. ಕೆಸರಿನಲ್ಲಿ ಗಾಲಿ ಹೂತು ಉರುಳುವುದಕ್ಕೆ ಒಟ್ಟು ಭಾರದ ಹತ್ತರಲ್ಲೊಂದು ಪಾಲು, ಎಂದರೆ 250 ಕಿಲೋಗ್ರಾಂ, ಸೇರಿಸತಕ್ಕದ್ದು. ಒಟ್ಟು 740 ಆಯಿತು. ಒದ್ದೆಯಾದ ಮಣ್ಣಿನಲ್ಲಿ ಗಾಲಿಯ ಹಿಡಿತವು ಅದರ ಮೇಲಿರುವ ಭಾರದ ಮೂರರಲ್ಲೊಂದು ಪಾಲೆಂದು ಇಟ್ಟುಕೊಳ್ಳೋಣ. ಹಿಂಗಾಲಿಗಳಿಗೆ ಮಾತ್ರ ಚಾಲನೆಯಿದ್ದು ಅವುಗಳ ಮೇಲೆ 1,500 ಕಿಲೋಗ್ರಾಂ ಬಿದ್ದಿದ್ದರೆ ಸಿಕ್ಕುವ ಹಿಡಿತ 500, ಬಂಡಿ ನಿಂತುಹೋಗುವುದು. ನಾಲ್ಕು ಗಾಲಿಗಳೂ ಎಳೆದರೆ ಹಿಡಿತವು 830ರಷ್ಟಾಗುವುದು, ಬಂಡಿ ಏರುವುದು. ಇಂಜಿನಿನ ಕುದುರೆಬಲವನ್ನು ಎರಡು ಪಾಲು ಹೆಚ್ಚಿಸಿದರೂ ಮೊದಲನೆಯ ಬಂಡಿಯು ಏರಲಾರದು. ಗಾಲಿ ಇನ್ನೂ ಬೇಗ ತಿರುಗಿ ಹಳ್ಳ ತೋಡುವುದು, ಅಷ್ಟೆ. ಮುಂದಿನ ಮಳೆಗೆ ಆ ಹಳ್ಳವೇ ಕೊರಕಲಾಗಿ ದಾರಿಯ ಮಣ್ಣೆಲ್ಲ ಗದ್ದೆಗೆ ಬಂದು ಬೀಳುವುದು.

ಟ್ರ್ಯಾಕ್ಟರಿಗೆ ಅಥವಾ ಟಿಲ್ಲರಿಗೆ ಟ್ರೈಲರು ಕಟ್ಟಿದರೆ ಸಾಲದೆ ಎಂದು ಕೇಳುವವರುಂಟು. ಬಯಲುಸೀಮೆಯಲ್ಲಿ ಅದು ಸಾಕು. ಅದಕ್ಕಿಂತ ಒಳ್ಳೆಯದು ಬೇರೊಂದಿಲ್ಲ. ಗುಡ್ಡದಲ್ಲಿ ಎರಡು ತೊಡಕುಗಳಿವೆ. ಟ್ರೈಲರಿನ ಹೊರೆಯು ಬಹುಮಟ್ಟಿಗೆ ಅದರ ಗಾಲಿಗಳ ಮೇಲೆಯೇ ಕೂತಿರುವುದರಿಂದ ಎಳೆಯುವ ಗಾಲಿಗೆ ಅದರಿಂದ ಹಿಡಿತ ದೊರೆಯುವುದು ಅತ್ಯಲ್ಪ. ಇಳಿಜಾರಿನಲ್ಲಂತೂ ಬ್ರೇಕಿಲ್ಲದ ಟ್ರೈಲರು ಹಿಂದಿನಿಂದ ತಳ್ಳಿ ಟ್ರ್ಯಾಕ್ಟರನ್ನು ಅಡ್ಡಕ್ಕೆ ತಿರುಗಿಸುವುದು. ಹೊರೆಯು ಚಾಲನೆಯ ಗಾಲಿಗಳ ಮೇಲೆಯೇ ಕೂರುವಂತಹ ಬಂಡಿಯೇ ಗುಡ್ಡಕ್ಕೆ ತಕ್ಕದ್ದು.

ಈ ಬಗೆಯ ಬಂಡಿಗಳು ಹುಟ್ಟಿದ ಬಗೆಯನ್ನು ನೋಡಿದರೆ ನಮಗೆ ಬೇಕಾದುದು ಹೊಸ ಬೇಡಿಕೆಯಲ್ಲವೆಂಬುದು ಗೊತ್ತಾಗುವುದು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕಾದ ಸೈನ್ಯಕ್ಕಾಗಿ ವಿಲ್ಲಿಸ್ ಮತ್ತು ಫೋರ್ಡ್ ಕಾರ್ಖಾನೆಗಳಲ್ಲಿ ಆರು ಲಕ್ಷಕ್ಕೂ ಮಿಗಿಲಾದ ಜೀಪುಗಳು ತಯಾರಾದುವು. ಯುದ್ಧವು ಮುಗಿದ 1945ರಲ್ಲಿಯೇ ವಿಲ್ಲಿಸ್ ಕಂಪೆನಿಯವರು ಅದನ್ನು ಬೇಸಾಯಗಾರರಿಗೆಂದು ತಿದ್ದಿ ಸಿಜೆ-2ಎ ಎಂಬ ಹೆಸರಿನಲ್ಲಿ ಮಾರಾಟಕ್ಕಿಟ್ಟರು. ಅವರು ತಿದ್ದಿದುದು ಏನೆಂಬುದೇ ಇಲ್ಲಿ ಮುಖ್ಯ. ಹಿಂಬದಿಗೆ ಇಳಿಸುವ ಬಾಗಿಲನ್ನು ಇಟ್ಟರು. ಎಳೆಯುವ ಪಟ್ಟಿಯನ್ನು ಕೂಡಿಸಿದರು. ಯಂತ್ರಗಳಿಗೆ ಬಲವನ್ನು ಹೊರತೆಗೆಯುವ ಕಂಬಿಯನ್ನು ಬೇಕೆಂದವರಿಗೆ ಒದಗಿಸಿದರು. ಎಲ್ಲಕ್ಕಿಂತ ಹೆಚ್ಚಾಗಿ ಗೇರುಗಳನ್ನು ನಿಧಾನ ಮಾಡಿದರು. ಸೈನ್ಯದ ಜೀಪು ಅತ್ಯಂತ ತಗ್ಗಿನ ಗೇರಿನಲ್ಲಿದ್ದಾಗ ಇಂಜಿನು ಸುಮಾರು 26 ಸುತ್ತು ಹಾಕಿದರೆ ಗಾಲಿ ಒಂದು ಸುತ್ತು ತಿರುಗುತ್ತಿತ್ತು. ಬೇಸಾಯದ ಜೀಪಿನಲ್ಲಿ ಅದು 36 ಸುತ್ತಾಯಿತು. ಇಂಜಿನು ನಿಮಿಷಕ್ಕೆ 1,000 ಸುತ್ತು ತಿರುಗುವಾಗ ಮೊದಲನೆಯದು ಗಂಟೆಗೆ ಸುಮಾರು 5 ಕಿಲೋಮೀಟರು ಹೋದರೆ ಎರಡನೆಯದು ಸುಮಾರು ಮೂರೂವರೆ ಹೋಗುವುದು. ಇದು ಹೊರೆಗಾಡಿಯ ಎತ್ತುಗಳ ನಡಿಗೆ. ಸಿಪಾಯಿಗೆ ಓಟ ಬೇಕಾಗಿತ್ತು, ಬೇಸಾಯಗಾರನಿಗೆ ನಡಿಗೆ ಬೇಕಾಗಿತ್ತು ಎಂಬುದನ್ನು ಆ ಕಾರ್ಖಾನೆಯವರು ಅರಿತಿದ್ದರು.

ಇಂಗ್ಲೆಂಡಿನ ರೋವರ್ ಕಂಪೆನಿಯ ಮುಖ್ಯ ಇಂಜಿನಿಯರರಾದ ಮಾರಿಸ್ ವಿಲ್ಕ್ಸ್ ಅವರಿಗೆ ವೇಲ್ಸಿನ ಆಂಗಲ್‌ಸೀ ದ್ವೀಪದಲ್ಲಿ ಜಮೀನಿತ್ತು. ಯುದ್ಧದಲ್ಲಿ ಮಿಕ್ಕ ಒಂದು ಜೀಪನ್ನು ಅವರು ಅಲ್ಲಿ ದುಡಿಸುತ್ತಿದ್ದರು. ಅದು ಸವೆದುಹೋದರೆ ಬದಲಿಗೆ ಏನೂ ಇಲ್ಲವೆಂಬ ಚಿಂತೆಯಿಂದಲೇ ಲ್ಯಾಂಡ್‌ರೋವರ್ ಹುಟ್ಟಿತು. 1948ನೆಯ ಇಸವಿ ಏಪ್ರಿಲ್ 30ರಂದು ಆಮ್‌ಸ್ಟರ್‌ಡಾಮಿನ ಪ್ರದರ್ಶನದಲ್ಲಿ ಅದನ್ನು ಜನರ ಮುಂದಿಟ್ಟರು. ಉಕ್ಕಿಗೆ ಆಗ ಅಭಾವವಿದ್ದುದರಿಂದ ಮೈಯನ್ನು ಅಲ್ಯುಮಿನಿಯಂ ಮಿಶ್ರಲೋಹದ ತಗಡಿನಿಂದ ಮಾಡಿದರು. ಬಡತನದಿಂದ ಮಾಡಿದ ಈ ಕೆಲಸವೇ ತುಕ್ಕು ಹಿಡಿಯದ ಗುಣವಾಗಿ ಪರಿಣಮಿಸಿತು. ಜರ್ಮನಿಯಲ್ಲಿ ಆಲ್ಬರ್ಟ್ ಫ್ರೀಡ್ರಿಖ್ ಅವರು ಯೋಜಿಸಿದ ಯೂನಿಮೊಗ್ ಎಂಬ ಬಂಡಿಯು ಇನ್ನೂ ವಿಚಾರಕ್ಕೆ ಯೋಗ್ಯವಾದುದು. ಅದರ ಎಡಬಲ ಗಾಲಿಗಳ ನಡುವಣ ಅಂತರವನ್ನು 1,270 ಮಿಲಿಮೀಟರೆಂದು ನಿಶ್ಚಯಿಸಿದುದಕ್ಕೆ ಕಾರಣ, ಆಲೂಗಡ್ಡೆಯ ಎರಡು ಸಾಲುಗಳ ಅಗಲ ಅಷ್ಟಿದ್ದುದು. 25 ಕುದುರೆಬಲದ ಇಂಜಿನು, ನಾಲ್ಕೂ ಒಂದೇ ಅಳತೆಯ ಗಾಲಿ, ಹಿಂದೆ ಹೊರೆ ಹಾಕುವ ಹಲಗೆ; ಹೊಲದಲ್ಲಿ ದುಡಿದು ಸಂಜೆಗೆ ಫಸಲನ್ನು ಹೊತ್ತು ಪೇಟೆಗೂ ಹೋಗುವುದು. ಹೊಲದ ಸಾಲನ್ನು ಅಳೆದು ಬಂಡಿಯನ್ನು ಮಾಡಿದವರು ಅವರು. ಈಗ ಬಂಡಿಯನ್ನು ಕೊಂಡು ತಂದ ಮೇಲೆ ತೋಟದ ದಾರಿಯನ್ನು ಜೆಸಿಬಿಯಿಂದ ಅಗಲ ಮಾಡಿಸುವುದನ್ನು ನಾವು ನೋಡುತ್ತಿದ್ದೇವೆ.

ಈ ಮೂರೂ ಕ್ರಮೇಣ ಬೇಸಾಯಗಾರನ ಕೈಬಿಟ್ಟವು. ಯೂನಿಮೊಗ್ ಕಾರ್ಯವು 1951ರಲ್ಲಿ ಡೈಮ್ಲರ್-ಬೆಂಜ್ ಕಂಪೆನಿಗೆ ಸೇರಿ, ಮುಂದೆ ಸೈನ್ಯಕ್ಕೂ ಪುರಸಭೆಗಳಿಗೂ ಬೇಕಾಗುವ ಭಾರಿ ಬಂಡಿಯಾಗಿ ಬೆಳೆಯಿತು. ಲ್ಯಾಂಡ್‌ರೋವರಿನ ಹಳೆಯ ಮಾದರಿಯ ಕೊನೆಯ ಬಂಡಿಯು 2016ರ ಜನವರಿ 29ರಂದು ಕಾರ್ಖಾನೆಯಿಂದ ಹೊರಬಂದಿತು. ಅದೇ ಹೆಸರನ್ನು ಹೊತ್ತು ಅನಂತರ ಬಂದ ಬಂಡಿಯ ಬೆಲೆಗೆ ನಮ್ಮಲ್ಲಿ ಒಂದು ಸಣ್ಣ ತೋಟವನ್ನೇ ಕೊಳ್ಳಬಹುದು.

ನಮ್ಮ ದೇಶದ ಕಥೆಯೂ ಇದಕ್ಕೆ ಹೊರತಲ್ಲ. ಮಹೀಂದ್ರ ಕಂಪೆನಿಯವರು 1947ರಲ್ಲಿ ವಿಲ್ಲಿಸ್ ಜೀಪುಗಳನ್ನು ಬೊಂಬಾಯಿಯಲ್ಲಿ ಜೋಡಿಸಲಾರಂಭಿಸಿದರು. ಆ ವಂಶದ ಜೀಪುಗಳು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಕೊಡಗು, ಚಿಕ್ಕಮಗಳೂರು, ಶಿವಮೊಗ್ಗ, ಉತ್ತರ ಕನ್ನಡ ಜಿಲ್ಲೆಗಳ ತೋಟಗಳಲ್ಲಿ ದುಡಿದುವು, ಇನ್ನೂ ದುಡಿಯುತ್ತಿವೆ. 1985ರಲ್ಲಿ ಬಂದ ಮಾರುತಿ ಜಿಪ್ಸಿಯು ಹಗುರವಾಗಿದ್ದು ಕೆಸರಿನಲ್ಲಿ ಚೆನ್ನಾಗಿ ಹೋಗುತ್ತಿತ್ತಾದರೂ ಪೆಟ್ರೋಲಿನದಾದುದರಿಂದ ಹೊರೆಯ ಕೆಲಸಕ್ಕೆ ದುಬಾರಿಯಾಯಿತು. 2010ರಲ್ಲಿ ಥಾರ್ ಎಂಬುದು ಬಂದಿತು. ಅದರ ಹಿಂಬದಿಯಲ್ಲಿ ಎದುರುಬದುರಾದ ಬೆಂಚುಗಳಿದ್ದುದರಿಂದ ನಡುವೆ ಮೂಟೆಗಳನ್ನು ಹಾಕಲು ಎಡೆಯಿತ್ತು. 2020ರಲ್ಲಿ ಬಂದ ಅದೇ ಹೆಸರಿನ ಹೊಸ ಬಂಡಿಯು ಸುಖಾಸನ, ಭದ್ರತೆ, ಬಲಗಳಲ್ಲಿ ಮೊದಲಿನದಕ್ಕಿಂತ ಎಷ್ಟೋ ಮೇಲು. ಆದರೆ ಅದನ್ನು ಕೊಳ್ಳತಕ್ಕವರಾರೆಂದು ಕಂಪೆನಿಯವರು ಎಣಿಸಿದ್ದರೆಂಬುದು, 2023ರ ಆರಂಭದಲ್ಲಿ ಹಿಂಗಾಲಿಗೆ ಮಾತ್ರ ಚಾಲನೆಯುಳ್ಳ ನಮೂನೆಯನ್ನೂ ಅವರು ಹೊರತಂದುದರಿಂದ ವ್ಯಕ್ತವಾಗುತ್ತದೆ. ಕೆಸರಿಗೆ ಇಳಿಯದವರಿಗಾಗಿಯೇ ಜೀಪಿನ ರೂಪವನ್ನು ಮಾರುವ ಕಾಲವಿದು. ವ್ಯಾಪಾರಿಗಳ ದೃಷ್ಟಿಯಿಂದ ಇದು ಸರಿಯಾದುದೇ ಇರಬಹುದು. ಪೇಟೆಯವರು ನೂರು ಮಂದಿ ಕೊಳ್ಳುವಲ್ಲಿ ತೋಟಗಾರರು ಐದು ಮಂದಿ ಕೊಂಡರೆ ಯಾರ ಮಾತು ನಡೆಯುವುದೆಂಬುದನ್ನು ಹೇಳಬೇಕಾಗಿಲ್ಲ.

ಹಾಗಾದರೆ ಬೇಸಾಯಗಾರನಿಗೆ ಬೇಕಾದುದೇನು? ನಾನು ಹೋದೆಡೆಯಲ್ಲೆಲ್ಲ ಇದನ್ನು ಕೇಳಿರುವೆನು. ಬಂದ ಉತ್ತರಗಳಲ್ಲಿ ವೇಗದ ಮಾತನ್ನು ಹೇಳಿದವರು ಬಹಳ ಕಡಮೆ. ಇಳಿಯುವಾಗ ಬಂಡಿ ತಾನಾಗಿ ಓಡಬಾರದೆಂಬುದನ್ನೇ ವಯಸ್ಸಾದವರೆಲ್ಲರೂ ಮೊದಲು ಹೇಳುವರು. ಏರುವಾಗ ಬಂಡಿ ನಿಂತರೆ ಕಲ್ಲಿಟ್ಟು ಹೊರೆಯಿಳಿಸಬಹುದು. ಹೊರೆ ಹೊತ್ತು ಇಳಿಯುವಾಗ ಬ್ರೇಕು ಒದ್ದೆಯಾಗಿ ಅಥವಾ ಕಾದು ಹಿಡಿಯದೆ ಹೋದರೆ ಮಾಡುವುದೇನೂ ಇಲ್ಲ. ಇಲ್ಲಿ ಕಾಪಾಡುವುದು ಬ್ರೇಕಲ್ಲ, ತಗ್ಗಿನ ಗೇರು. ಇಂಜಿನು 36 ಸುತ್ತಿಗೆ ಗಾಲಿಯನ್ನು ಒಂದು ಸುತ್ತು ಮಾತ್ರ ಬಿಡುವುದಾದರೆ ಬ್ರೇಕನ್ನು ಮುಟ್ಟದೆಯೇ ಬಂಡಿಯು ನಡಿಗೆಯ ವೇಗದಲ್ಲಿ ಇಳಿಯುವುದು. ಆ ತಡೆಯು ನಾಲ್ಕು ಗಾಲಿಗಳಿಗೂ ಹಂಚಿಹೋಗುವುದರಿಂದ ಜಾರುವ ಭಯವೂ ಕಡಮೆ. ಈಚಿನ ಕೆಲವು ಬಂಡಿಗಳಲ್ಲಿ ನಾಲ್ಕು ಗಾಲಿಯ ಚಾಲನೆಯಿದ್ದರೂ ಈ ತಗ್ಗಿನ ಗೇರಿನ ಪೆಟ್ಟಿಗೆಯೇ ಇರುವುದಿಲ್ಲ. ಅಂತಹವು ಮಳೆಯಲ್ಲಿ ಡಾಮರಿನ ಮೇಲೆ ಓಡುವುದಕ್ಕೆ ಒಳ್ಳೆಯವು, ತೋಟಕ್ಕೆ ನಿಷ್ಪ್ರಯೋಜಕ.

ನಾಲ್ಕು ಗಾಲಿಯ ಚಾಲನೆಯೆಂಬ ಮಾತಿನಲ್ಲಿಯೇ ಒಂದು ಮೋಸವುಂಟು. ಪ್ರತಿಯೊಂದು ಅಚ್ಚಿನ ನಡುವೆಯೂ ತಿರುವಿನಲ್ಲಿ ಎರಡು ಗಾಲಿಗಳೂ ಬೇರೆ ಬೇರೆ ವೇಗದಲ್ಲಿ ತಿರುಗಲೆಂದು ಡಿಫರೆನ್ಷಿಯಲ್ ಎಂಬ ಗೇರುಗಳ ಸಮೂಹವಿರುವುದು. ಒಂದು ಗಾಲಿಯು ಕೆಸರಿನಲ್ಲಿ ಹಿಡಿತವಿಲ್ಲದೆ ತಿರುಗತೊಡಗಿದರೆ ಆ ಅಚ್ಚಿನ ಇನ್ನೊಂದು ಗಾಲಿಯು, ಗಟ್ಟಿನೆಲದ ಮೇಲಿದ್ದರೂ, ಸುಮ್ಮನೆ ನಿಲ್ಲುವುದು. ಹೀಗೆ ಮುಂದೊಂದು ಹಿಂದೊಂದು ಗಾಲಿ ಜಾರಿದರೆ ನಾಲ್ಕು ಗಾಲಿಯ ಚಾಲನೆಯ ಬಂಡಿಯೂ ನಿಂತುಹೋಗುವುದು. ಆದುದರಿಂದ ಹಿಂದಿನ ಅಚ್ಚಿನಲ್ಲಿಯಾದರೂ ಈ ಸಮೂಹವನ್ನು ಬೇಕಾದಾಗ ಬಿಗಿಯುವ ಬೀಗವಿರಬೇಕು. ಕುದುರೆಬಲಕ್ಕೆ ಕೊಡುವ ಹಣವನ್ನು ಈ ಬೀಗಕ್ಕೆ ಕೊಡುವುದು ಲೇಸು. ಹಳೆಯ ಮಾದರಿಯ ಜೀಪಿನಲ್ಲಿ ಮುಂದಿನ ಮತ್ತು ಹಿಂದಿನ ಅಚ್ಚುಗಳ ಮಧ್ಯೆ ಡಿಫರೆನ್ಷಿಯಲ್ ಇಲ್ಲದಿರುವುದರಿಂದ ಅದರ ಮುಂಗಾಲಿಗಳ ಚಾಲನೆಯನ್ನು ಒಣಗಿದ ಡಾಮರಿನ ಮೇಲೆ ಹಾಕಿಕೊಂಡು ಹೋಗಬಾರದೆಂಬುದನ್ನೂ ಹೇಳಬೇಕಾಗಿದೆ. ಹಾಗೆ ಮಾಡಿದರೆ ಗೇರಿನ ಪೆಟ್ಟಿಗೆಯ ಒಳಗೆ ಬಿಗಿತವುಂಟಾಗಿ ಹಲ್ಲುಗಳೂ ಕೀಲುಗಳೂ ಸವೆಯುವುವು. ಇದನ್ನು ತಿಳಿಯದ ಹುಡುಗರ ಕೈಯಲ್ಲಿ ಕೆಟ್ಟ ಜೀಪುಗಳು ಅನೇಕ.

ದುರಸ್ತಿಯ ವಿಷಯವು ಇನ್ನೂ ದೊಡ್ಡದು. ಹಳೆಯ ಜೀಪು ಕೆಟ್ಟರೆ ತೀರ್ಥಹಳ್ಳಿಯಲ್ಲಿಯೋ ಮೂಡಿಗೆರೆಯಲ್ಲಿಯೋ ಸೋಮವಾರಪೇಟೆಯಲ್ಲಿಯೋ ಒಂದು ಸಾಧಾರಣವಾದ ವರ್ಕ್‌ಷಾಪಿನಲ್ಲಿ ಆ ದಿನವೇ ಸರಿಯಾಗುತ್ತಿತ್ತು. ಎಲೆಸ್ಪ್ರಿಂಗು ಮುರಿದರೆ ಕಮ್ಮಾರನೇ ಹೊಸ ಎಲೆ ಕೂಡಿಸುತ್ತಿದ್ದನು. 2020ರ ಏಪ್ರಿಲ್ 1ರಿಂದ ನಮ್ಮ ದೇಶದಲ್ಲಿ ಭಾರತ್ ಆರನೆಯ ಹಂತದ ಹೊಗೆಯ ನಿಬಂಧನೆಗಳು ಜಾರಿಗೆ ಬಂದುವು. ಪಟ್ಟಣದ ಗಾಳಿಗೆ ಇವು ಅವಶ್ಯವೆಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಡೀಸೆಲ್ ಬಂಡಿಗಳ ಹೊಗೆಕೊಳವೆಯಲ್ಲಿ ಮಸಿಯನ್ನು ಹಿಡಿಯುವ ಒಂದು ಶೋಧಕವನ್ನು ಇದರಿಂದ ಇಡಬೇಕಾಯಿತು. ಹಿಡಿದ ಮಸಿಯು ಸುಟ್ಟು ಬೂದಿಯಾಗಬೇಕಾದರೆ ಹೊಗೆಯು ಚೆನ್ನಾಗಿ ಕಾಯಬೇಕು; ಅದಕ್ಕೆ ಬಂಡಿಯು ಸ್ವಲ್ಪ ಹೊತ್ತು ಒಳ್ಳೆಯ ವೇಗದಲ್ಲಿ ಓಡಬೇಕು. ತೋಟದ ಬಂಡಿಯ ದಿನಚರಿಯನ್ನು ಯೋಚಿಸಿರಿ. ಬೆಳಗ್ಗೆ ಅಂಗಳದಿಂದ ತೋಟಕ್ಕೆ ಎರಡು ಫರ್ಲಾಂಗು, ಅಲ್ಲಿ ಅರ್ಧ ಗಂಟೆ ನಿಲುಗಡೆ, ಮತ್ತೆ ಎರಡು ಫರ್ಲಾಂಗು. ಇಂಜಿನು ಬೆಚ್ಚಗಾಗುವುದರೊಳಗೆ ಕೆಲಸವೇ ಮುಗಿಯುವುದು. ಶೋಧಕವು ಕಟ್ಟಿಕೊಂಡು ಎಚ್ಚರಿಕೆಯ ದೀಪ ಹತ್ತುವುದು, ಬಲ ತಗ್ಗುವುದು, ಗಣಕಯಂತ್ರವಿಟ್ಟು ನೋಡುವ ಕಾರ್ಖಾನೆಯು 60 ಮೈಲಿ ದೂರದ ಜಿಲ್ಲಾ ಕೇಂದ್ರದಲ್ಲಿರುವುದು. ಈ ತೊಂದರೆಯು ಯಾವುದೋ ಒಂದು ಕಂಪೆನಿಯ ಬಂಡಿಗೆ ಸೇರಿದುದಲ್ಲ, ಈ ಏರ್ಪಾಡಿಗೇ ಸೇರಿದುದು. ಈಗಾಗಲೇ ಇಂತಹ ಬಂಡಿಯುಳ್ಳವರು ವಾರಕ್ಕೊಮ್ಮೆಯಾದರೂ ಹೆದ್ದಾರಿಯಲ್ಲಿ ಅರ್ಧ ಗಂಟೆ ಬಿಡದೆ ಓಡಿಸುವುದು ಒಳ್ಳೆಯದು. ದೀಪವು ಹತ್ತಿದ ಮೇಲೆ ಉದಾಸೀನ ಮಾಡಬಾರದು. ಮುಂದೆ ತೋಟದ ಬಂಡಿಗೆ ವಿದ್ಯುಚ್ಛಕ್ತಿಯ ಮೋಟಾರೇ ತಕ್ಕದ್ದಾಗಬಹುದೆಂದು ನನಗೆ ತೋರುತ್ತದೆ. ದಿನಕ್ಕೆ ಹತ್ತು ಮೈಲಿಯ ಓಡಾಟ, ರಾತ್ರಿಯೆಲ್ಲ ಮನೆಯ ಮುಂದೆ ನಿಲುಗಡೆ, ನಿಂತಲ್ಲಿಂದಲೇ ಪೂರ್ಣವಾದ ಎಳೆತ. ಇದಕ್ಕಿಂತ ಹೊಂದಿಕೆಯಾದ ಕೆಲಸವು ಅದಕ್ಕೆ ಬೇರೆಲ್ಲಿ ಸಿಕ್ಕೀತು? ಆದರೆ ಮಳೆಗಾಲದಲ್ಲಿ ಮೂರು ದಿನ ವಿದ್ಯುತ್ತಿಲ್ಲದಿರುವ ಊರುಗಳಲ್ಲಿ ಇದನ್ನು ಹೇಳಿದರೆ ಜನರು ನಗುವರು.

ಹೊರೆಯ ಪೆಟ್ಟಿಗೆಯ ವಿಚಾರದಲ್ಲಿ ಜಪಾನ್ ದೇಶದವರಿಂದ ಕಲಿಯತಕ್ಕದ್ದು ಬಹಳವಿದೆ. ಅಲ್ಲಿಯ ಗುಡ್ಡಗಾಡಿನ ಸಣ್ಣ ಹಿಡುವಳಿದಾರರು ಕೆಯ್ ವರ್ಗದ ಪುಟ್ಟ ಲಾರಿಗಳನ್ನು ಬಳಸುತ್ತಾರೆ. ಕಾನೂನಿನ ಪ್ರಕಾರ ಇವು 3.4 ಮೀಟರು ಉದ್ದ, 1.48 ಮೀಟರು ಅಗಲ, 660 ಘನ ಸೆಂಟಿಮೀಟರಿನ ಇಂಜಿನು ಇವನ್ನು ಮೀರಬಾರದು. ಹೊರುವ ಹೊರೆ 350 ಕಿಲೋಗ್ರಾಂ. ಕೇಳಿದರೆ ನಮ್ಮವರು ನಗಬಹುದು. ಆದರೆ ಈ ಪುಟ್ಟ ಲಾರಿಗಳಿಗೆ ನಾಲ್ಕು ಗಾಲಿಯ ಚಾಲನೆಯನ್ನೂ, ಬೇಸಾಯಗಾರರಿಗೆಂದೇ ಮಾಡಿದ ನಮೂನೆಗಳಲ್ಲಿ ಅತಿ ತಗ್ಗಿನ ಗೇರನ್ನೂ, ಹಿಂದಿನ ಅಚ್ಚಿಗೆ ಬೀಗವನ್ನೂ ಅವರು ಕೂಡಿಸಿರುವರು. ಹೊರೆಯ ಹಲಗೆಯು ಮೊಣಕಾಲಿಗಿಂತ ಸ್ವಲ್ಪ ಮೇಲಿರುವುದು. ಮೂರು ಕಡೆಯ ತಡೆಗಳನ್ನೂ ಇಳಿಸಬಹುದು. ಮುದುಕರೂ ಹೆಂಗಸರೂ ಚೀಲವನ್ನು ಏರಿಸಬಲ್ಲರು. ಬೇಸಾಯದಲ್ಲಿ ಯುವಕರು ಕಡಮೆಯಾದ ದೇಶಕ್ಕೆ ಈ ಕೊನೆಯ ಗುಣವೇ ಹೆಚ್ಚಿನದೆಂದು ಅವರಿಗೆ ತಿಳಿದಿದೆ. ನಮ್ಮ ಮಲೆನಾಡಿನ ಮನೆಗಳಲ್ಲಿ ಉಳಿದಿರುವವರ ವಯಸ್ಸನ್ನು ನೋಡಿದರೆ ನಾವೂ ಅದೇ ಸ್ಥಿತಿಗೆ ಬಂದಿರುವುದು ತಿಳಿಯುವುದು.

ನಮ್ಮಲ್ಲಿ ಇದರ ಅರ್ಧ ಭಾಗವು ಆಗಲೇ ಇದೆ. 2005ರಲ್ಲಿ ಟಾಟಾ ಕಂಪೆನಿಯವರು ಏಸ್ ಎಂಬ ಪುಟ್ಟ ಲಾರಿಯನ್ನು ತಂದರು. 702 ಘನ ಸೆಂಟಿಮೀಟರಿನ ಎರಡು ಸಿಲಿಂಡರುಗಳ ಡೀಸೆಲ್ ಇಂಜಿನು, 750 ಕಿಲೋಗ್ರಾಮಿನ ಹೊರೆ. ಎಂದರೆ 50 ಕಿಲೋಗ್ರಾಮಿನ ಕಾಫಿಯ ಮೂಟೆಗಳು ಹದಿನೈದು. ಡಾಮರಿನ ರಸ್ತೆ ಇರುವವರೆಗೆ ಇಂತಹ ಬಂಡಿಗಳು ಮಲೆನಾಡಿನ ವ್ಯಾಪಾರವನ್ನೇ ಬದಲಾಯಿಸಿವೆ. ಆದರೆ ಚಾಲನೆಯು ಹಿಂಗಾಲಿಗೆ ಮಾತ್ರ. ಬರಿದಾಗಿದ್ದಾಗ ಹಿಂಭಾಗವು ಹಗುರವಾಗಿ ಅಂಗಳದ ಇಳಿಜಾರಿನಲ್ಲಿಯೇ ಗಾಲಿ ಜಾರುವುದು. ನನ್ನ ಅಭಿಪ್ರಾಯದಲ್ಲಿ ಮಲೆನಾಡಿನ ತೋಟಗಾರನಿಗೆ ಬೇಕಾದುದು ಹೊಳೆಯುವ ಜೀಪಲ್ಲ. ನಾಲ್ಕು ಗಾಲಿಗೆ ಚಾಲನೆ, ಎತ್ತಿನ ನಡಿಗೆಯ ಗೇರು, ಹಿಂದಿನ ಅಚ್ಚಿಗೆ ಬೀಗ, ಒಂದು ಗೇಣು ಹೆಚ್ಚಿನ ನೆಲದೆತ್ತರ ಇವನ್ನು ಕೂಡಿಸಿದ ಇಂತಹ ಒಂದು ಪುಟ್ಟ ಲಾರಿ. 2022ರಲ್ಲಿ ನಮ್ಮ ದೇಶಕ್ಕೆ ಬಂದ ಟೊಯೋಟಾ ಹೈಲಕ್ಸಿನಂತಹ ದೊಡ್ಡ ಬಂಡಿಗಳಲ್ಲಿ ಈ ಗುಣಗಳು ಬಹುಮಟ್ಟಿಗೆ ಇವೆ; ಆದರೆ ಮೂವತ್ತು ಲಕ್ಷ ರೂಪಾಯಿಗಳನ್ನು ಮೀರಿದ ಬೆಲೆಗೆ ಬಂದ ಐದು ಮೀಟರಿಗೂ ಉದ್ದವಾದ ಆ ಬಂಡಿಯು ಅಡಕೆತೋಟದ ದಾರಿಯ ತಿರುವಿನಲ್ಲಿ ತಿರುಗುವುದೆಂತು? ಇಲ್ಲಿಯ ಕಾರ್ಖಾನೆಯವರು ಮಹೀಂದ್ರ ಬೊಲೆರೊ ವರ್ಗದ ಹೊರೆಬಂಡಿಗಳಲ್ಲಿ ನಾಲ್ಕು ಗಾಲಿಯ ಚಾಲನೆಯ ನಮೂನೆಯನ್ನು ಮಾಡಿರುವುದು ಸಂತೋಷದ ವಿಷಯ. ಸದ್ಯಕ್ಕೆ ಎರಡು ಮೂರು ಮನೆಯವರು ಕೂಡಿ ಕೊಳ್ಳುವುದಾದರೆ ನಾನು ಅಂತಹದನ್ನೇ ಸೂಚಿಸುವೆನು.

ಉಳುವ ಕೆಲಸವನ್ನೂ ಈ ಬಂಡಿಯಿಂದಲೇ ಮಾಡಿಸಬೇಕೆಂಬ ಆಸೆಯನ್ನು ಬಿಡತಕ್ಕದ್ದು. ವಿಲ್ಲಿಸಿನವರು ಅದನ್ನು ಪ್ರಯತ್ನಿಸಿ ನೋಡಿದರು. 1951ರಲ್ಲಿ ನೇಗಿಲನ್ನು ಎತ್ತಿಳಿಸುವ ಸಾಧನದೊಡನೆ ಬೇಸಾಯದ ಜೀಪೆಂದೇ ಹೆಸರಿಟ್ಟು ಮಾರಿದರು. ಅದು ಜನಪ್ರಿಯವಾಗಲಿಲ್ಲ. ಅಷ್ಟರಲ್ಲಿ ಫರ್ಗುಸನ್ನರ ಚಿಕ್ಕ ಟ್ರ್ಯಾಕ್ಟರು ಆ ಕೆಲಸವನ್ನು ಕಡಮೆ ಖರ್ಚಿನಲ್ಲಿ ಉತ್ತಮವಾಗಿ ಮಾಡುತ್ತಿತ್ತು. ಬಲವನ್ನು ಹೊರತೆಗೆಯುವ ಕಂಬಿಯೊಂದನ್ನು ಮಾತ್ರ ನಾನು ಬೇಡವೆನ್ನಲಾರೆ. ಸಿಂಪಡಿಕೆಯ ಪಂಪನ್ನು ಬಂಡಿಯ ಮೇಲೆಯೇ ಕೂರಿಸಿ, 100 ಲೀಟರು ನೀರಿಗೆ ಮೈಲುತುತ್ತ 1 ಕಿಲೋಗ್ರಾಂ, ಸುಣ್ಣ 1 ಕಿಲೋಗ್ರಾಂ ಪ್ರಮಾಣದ ದ್ರಾವಣವನ್ನು ದಾರಿಯ ಬದಿಯಲ್ಲಿಯೇ ಕಲಸಿ, ಕೊಳವೆಯಿಂದ ತೋಟದೊಳಕ್ಕೆ ಕಳುಹಿಸುವುದಾದರೆ ಆಳಿನ ಖರ್ಚು ಎಷ್ಟೋ ಉಳಿಯುವುದು. ಮೈಲುತುತ್ತದ ನೀರು ಕಬ್ಬಿಣವನ್ನೂ ಅಲ್ಯುಮಿನಿಯಮನ್ನೂ ತಿನ್ನುವುದರಿಂದ ಪೆಟ್ಟಿಗೆಗೆ ಮರದ ಹಲಗೆಯನ್ನು ಹಾಸಿ, ಕೆಲಸವಾದೊಡನೆ ತೊಳೆಯತಕ್ಕದ್ದು.

ಇನ್ನೊಂದು ಮಾತನ್ನು ಕಟುವಾಗಿಯೇ ಹೇಳಬೇಕಾಗಿದೆ. ಬೆಳಗ್ಗೆ ಎಂಟು ಗಂಟೆಗೆ ಯಾವ ಕಾಫಿಸೀಮೆಯ ರಸ್ತೆಯಲ್ಲಿ ನಿಂತರೂ ಹದಿನೈದು, ಇಪ್ಪತ್ತು ಮಂದಿ ಆಳುಗಳನ್ನು ತುಂಬಿಕೊಂಡು ಹೋಗುವ ಜೀಪುಗಳೂ ಪಿಕಪ್ಪುಗಳೂ ಕಾಣುವುವು. ಅವರಲ್ಲಿ ಹೆಚ್ಚಿನವರು ಹೆಂಗಸರು. ಸರಕಿನ ಬಂಡಿಯಲ್ಲಿ ಹೀಗೆ ಜನರನ್ನು ಸಾಗಿಸುವುದು ಕಾನೂನಿಗೆ ವಿರೋಧ. ಅದಕ್ಕಿಂತ ಹೆಚ್ಚಾಗಿ, ಮೇಲ್ಭಾಗ ಭಾರವಾದ ಬಂಡಿಯು ಅಡ್ಡ ಇಳಿಜಾರಿನಲ್ಲಿ ಮಗುಚಿದರೆ ಹಿಂದೆ ಕುಳಿತವರಿಗೆ ಹಿಡಿದುಕೊಳ್ಳುವುದಕ್ಕೂ ಆಸರೆಯಿಲ್ಲ. ಬೇಸಾಯಗಾರನಿಗೆ ಬೇಕಾದುದೇನೆಂದು ಕೇಳುವಾಗ ಬಂಡಿಯ ಹಿಂದೆ ನಿಂತು ಹೋಗುವವರನ್ನೂ ಬೇಸಾಯಗಾರರೆಂದು ಎಣಿಸುವುದು ನ್ಯಾಯ. ಇಬ್ಬರಿಗಾಗುವ ಸ್ಥಳದಲ್ಲಿ ಹಿಂದಿನ ಸಾಲಿಗೂ ನಿಜವಾದ ಆಸನ, ಬೆಲ್ಟು, ತಲೆಯ ಮೇಲೆ ಕಬ್ಬಿಣದ ಚೌಕಟ್ಟು ಇರುವ ನಮೂನೆಯನ್ನು, ಹೊರೆಯ ಜಾಗವು ಸ್ವಲ್ಪ ಕಡಮೆಯಾದರೂ, ಆರಿಸಿಕೊಳ್ಳತಕ್ಕದ್ದು; ಮಿಕ್ಕವರಿಗಾಗಿ ಇನ್ನೊಂದು ಸಾರಿ ಹೋಗಿ ಬರತಕ್ಕದ್ದು. ಡೀಸೆಲಿನ ಉಳಿತಾಯಕ್ಕಾಗಿ ಇದನ್ನು ಬಿಡುವವರೊಡನೆ ವಾದಿಸಲು ನನಗೆ ಇಷ್ಟವಿಲ್ಲ.

ಸರ್ಕಾರದ ಕಡೆಯಿಂದ ಆಗಬೇಕಾದುದೂ ಉಂಟು. 2014-15ರಿಂದ ಕೇಂದ್ರದ ಕೃಷಿ ಯಾಂತ್ರೀಕರಣದ ಯೋಜನೆಯೂ, ನಮ್ಮ ರಾಜ್ಯದ ಕೃಷಿ ಯಂತ್ರಧಾರೆಯ ಬಾಡಿಗೆ ಕೇಂದ್ರಗಳೂ ನಡೆದುಬಂದಿವೆ. ಟ್ರ್ಯಾಕ್ಟರು, ಟಿಲ್ಲರು, ನಾಟಿಯ ಯಂತ್ರ, ಕಟಾವಿನ ಯಂತ್ರಗಳೇ ಇವುಗಳಲ್ಲಿ ಪ್ರಧಾನ. ಬಯಲುಸೀಮೆಯನ್ನು ಮನಸ್ಸಿನಲ್ಲಿಟ್ಟು ಮಾಡಿದ ಪಟ್ಟಿ ಇದು. ಉಳುಮೆಯೇ ಇಲ್ಲದ ಅಡಕೆ, ಕಾಫಿ, ಏಲಕ್ಕಿಯ ತೋಟಗಳಲ್ಲಿ ಹೊರುವುದೇ ಮುಖ್ಯವಾದ ಕೆಲಸವಾಗಿರುವುದರಿಂದ ಹೊರೆಬಂಡಿಯನ್ನೂ ಬೇಸಾಯದ ಉಪಕರಣವೆಂದೇ ಎಣಿಸಬೇಕು. ಮಲೆನಾಡಿನ ಹೋಬಳಿಗಳ ಬಾಡಿಗೆ ಕೇಂದ್ರಗಳಲ್ಲಿ ಮೇಲೆ ಹೇಳಿದ ಬಗೆಯ ಬಂಡಿ ಒಂದೊಂದನ್ನು, ಸಿಂಪಡಿಕೆಯ ಪಂಪಿನೊಡನೆ, ಇಟ್ಟು ನೋಡುವುದು ಯುಕ್ತವಾಗಿದೆ. ನಾಲ್ಕು ಎಕರೆಯವನು ವರ್ಷಕ್ಕೆ ಮೂವತ್ತು ದಿನದ ಕೆಲಸಕ್ಕಾಗಿ ಹತ್ತು ಲಕ್ಷದ ಸಾಲ ಮಾಡುವುದು ಆಗ ತಪ್ಪುವುದು. ನಡೆಸುವವರ ಪರವಾನಗಿಯ ತೊಡಕೂ ಈಗ ಹೆಚ್ಚಾಗಿಲ್ಲ. 7,500 ಕಿಲೋಗ್ರಾಮಿನೊಳಗಣ ಸರಕಿನ ಬಂಡಿಯನ್ನು ಹಗುರ ಮೋಟಾರಿನ ಪರವಾನಗಿಯುಳ್ಳವರೇ ನಡೆಸಬಹುದೆಂದು 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವು ತೀರ್ಮಾನಿಸಿದೆ.

ಅಲ್ಲಿಯವರೆಗೆ ಸ್ವಂತಕ್ಕೆ ಕೊಳ್ಳಲೇಬೇಕೆಂದಿರುವವರು ಅಂಗಡಿಯ ಮುಂದಿನ ಡಾಮರಿನ ಮೇಲೆ ಬಂಡಿಯನ್ನು ಓಡಿಸಿ ನೋಡಿ ಹಣ ಕೊಡಬಾರದು. ಮಾರುವವರನ್ನು ಜುಲೈ, ಆಗಸ್ಟ್ ತಿಂಗಳುಗಳಲ್ಲಿ ತಮ್ಮ ತೋಟಕ್ಕೇ ಬಂಡಿಯನ್ನು ತರಹೇಳಿರಿ. ತಮ್ಮ ಗೊಬ್ಬರದ ಮೂಟೆಗಳನ್ನೇ ತುಂಬಿರಿ, ತಾವು ದಿನವೂ ತುಂಬುವಷ್ಟು. ಅತ್ಯಂತ ಕಡಿದಾದ ಏರಿನ ನಡುವೆ ನಿಲ್ಲಿಸಿ, ಇಂಜಿನನ್ನು ಆರಿಸಿ, ಮತ್ತೆ ಹೊರಡಿಸಿರಿ. ಗಾಲಿ ಎಷ್ಟು ಜಾರಿತೆಂಬುದನ್ನು ಮಣ್ಣಿನ ಮೇಲಿನ ಗುರುತಿನಿಂದ ತಿಳಿಯಬಹುದು. ಬಳಿಕ ಅದೇ ದಾರಿಯಲ್ಲಿ ಅತಿ ತಗ್ಗಿನ ಗೇರು ಹಾಕಿ, ಬ್ರೇಕಿನ ಮೇಲಿಂದ ಕಾಲು ತೆಗೆದು, ಕೆಳಕ್ಕಿಳಿಯಹೇಳಿರಿ. ಪಕ್ಕದಲ್ಲಿ ನಡೆದು ಬರುವ ಮನುಷ್ಯನು ಓಡಬೇಕಾಗಿ ಬಂದರೆ ಆ ಬಂಡಿಯನ್ನು ಹಿಂದಕ್ಕೆ ಕಳುಹಿಸಿರಿ. ಮಾರುವವರು ಇದಕ್ಕೆ ಒಪ್ಪದಿದ್ದರೆ ಏಕೆ ಒಪ್ಪಲಿಲ್ಲವೆಂದು ಅವರನ್ನು ಕೇಳುವ ಶ್ರಮವನ್ನೂ ತೆಗೆದುಕೊಳ್ಳಬೇಕಾಗಿಲ್ಲ.